ಬಾಟ್ಲಿ ಸಾರ್ ಮತ್ತು ಒಂದು ಲೋಟ ನೀರು

ಅವರ ಬಲ ಮುಂಗೈಯಲ್ಲಿ ಒಂದು ಕೂದಲೂ ಇರಲಿಲ್ಲ. ಎಡಗೈ ಎಲ್ಲರ ಕೈಯಂತೆಯೇ ಇತ್ತು. ಬಲಗೈ ಮಾತ್ರ ನುಣ್ಣಗೆ, ತುಸು ಕೆಂಪಗೆ. ನಲ್ಲಿಯ ನೀರನ್ನು ಪರೀಕ್ಷೆಗೆ ಹಿಡಿಯುವ ಮೊದಲು ಅದರ ಬಾಯಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯ ಬೆಂಕಿಯಿಂದ ಸುಡಬೇಕು. ಹೊರಗಿನ ಕೊಳೆ ಬಾಟಲಿಗೆ ಇಳಿಯಬಾರದು. ವರ್ಷಗಟ್ಟಲೆ ಹಾಗೆ ಸುಟ್ಟು ಅವರ ಕೈಯ ಕೂದಲೂ ಹೋಗಿತ್ತು.

ಬಿಜೈಯಲ್ಲಿ ನಾನು ಬಾಡಿಗೆಗಿದ್ದ ಮನೆಯ ಕೆಳಗಿನ ಭಾಗದಲ್ಲಿ ಅವರ ಸಂಸಾರ. ಊರಿನ ಬಾವಿ, ನಲ್ಲಿ, ಟ್ಯಾಂಕುಗಳ ನೀರಿನ ಮಾದರಿ ಹಿಡಿದು, ಐಸ್ ಡಬ್ಬಿಯಲ್ಲಿಟ್ಟು ಪ್ರಯೋಗಾಲಯಕ್ಕೆ ಮುಟ್ಟಿಸುವುದು ಅವರ ಕೆಲಸ. ಓಣಿಗಳಲ್ಲಿ ಎಲ್ಲರೂ ಬಾಟ್ಲಿ ಸಾರ್ ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ.

ಅವರು ಹೊರಗೆ ಎಲ್ಲಿಯೂ ನೀರು ಕುಡಿಯುತ್ತಿರಲಿಲ್ಲ. ಮದುವೆ ಮನೆಗೂ ಕುದಿಸಿದ ನೀರಿನ ಬಾಟಲಿಯನ್ನು ಹೆಗಲಿಗೆ ಹಾಕಿಕೊಂಡೇ ಹೋಗುವವರು. ಮನೆಗೆ ಬಂದವರಿಗೆ ಬೆಲ್ಲ, ನೀರು ಕೊಡುವ ಊರು ನಮ್ಮದು. ಅವರು ಬೆಲ್ಲವನ್ನು ಬಾಯಿಗೆ ಹಾಕಿಕೊಂಡು, ಲೋಟವನ್ನು ಮುಟ್ಟಿ ಕೈ ಮುಗಿದು ಹಿಂದೆ ಕೊಡುತ್ತಿದ್ದರು.

"ಸ್ವಂತ ತಂಗಿಯ ಮನೆಯಲ್ಲೂ ಹಾಗೇ ಮಾಡಿದ್ದಾರೆ," ಎಂದು ಅವರ ಹೆಂಡತಿ ನಗುತ್ತಿದ್ದರು. "ಈಗ ಅವಳು ಅಣ್ಣ ಬಂದ್ರೆ ಬೆಲ್ಲ ಮಾತ್ರ ಕೊಡುವುದು."

ನೀರು ಹೇಗಿದೆ ಎಂದು ಯಾರು ಕೇಳಿದರೂ ಅವರದ್ದು ಒಂದೇ ಉತ್ತರ: "ಕಣ್ಣಿಗೆ ಚಂದ ಉಂಟು. ಅಷ್ಟೇ ಗೊತ್ತಿರುವುದು." ಪತ್ರಿಕೆಯ ಕೆಲಸದಲ್ಲಿರುವ ನನಗೆ ಈ ಮಾತು ಬಹಳ ಉಪಯೋಗಕ್ಕೆ ಬಂದಿದೆ. ವರದಿ ಬರೆದ ಮೇಲೆ ಯಾವುದು ಕಂಡದ್ದು, ಯಾವುದು ಗೊತ್ತಾದದ್ದು ಎಂದು ಈಗಲೂ ಒಮ್ಮೆ ನೋಡುತ್ತೇನೆ.

ಅದೊಂದು ಮಳೆಗಾಲ ಮುಗಿಯುವ ಹೊತ್ತಿಗೆ ನಗರದ ಒಂದು ಓಣಿಯಲ್ಲಿ ಮಕ್ಕಳಿಗೆ ಕಾಮಾಲೆ ಬಂತು. ಓಣಿಯ ಹೆಸರು ಬರೆಯುವುದಿಲ್ಲ. ಗುರುತು ಸಿಗುವ ಒಂದೆರಡು ವಿವರಗಳನ್ನೂ ಬದಲಿಸಿದ್ದೇನೆ. ಸುದ್ದಿಗೆಂದು ನಾನೂ ಅವರ ಜೊತೆ ಹೋದೆ. ಅಲ್ಲಿನ ಹೆಚ್ಚಿನ ಮನೆಗಳವರು ಒಂದೇ ಬಾವಿಯಿಂದ ನೀರು ಒಯ್ಯುತ್ತಿದ್ದರು. ಆ ಬಾವಿಯ ಯಜಮಾನಿ, ಅರುವತ್ತು ದಾಟಿದ ಹೆಂಗಸು, ಗೇಟಿಗೆ ಅಡ್ಡ ನಿಂತಿದ್ದರು.

"ನನ್ನ ಮಾವ ತೋಡಿಸಿದ ಬಾವಿ ಇದು. ನಾವು ಇಷ್ಟು ವರ್ಷ ಕುಡೀತಾ ಇಲ್ವಾ? ನಮಗೆಂತ ಆಗಿದೆ? ಓಣಿಯವರೆಲ್ಲ ನನ್ನ ಕಡೆ ಬೆರಳು ತೋರಿಸ್ತಾರೆ, ಈಗ ನೀವೂ ಬಂದ್ರಾ?"

"ಬೆರಳು ತೋರಿಸುವುದಲ್ಲ ಅಮ್ಮ. ಒಂದು ಬಾಟ್ಲಿ ನೀರು, ಅಷ್ಟೇ."

ಯಜಮಾನಿ ಒಳಗೆ ಹೋಗಿ ತಟ್ಟೆಯಲ್ಲಿ ಬೆಲ್ಲ, ಒಂದು ಲೋಟ ನೀರು ತಂದರು. ಬಾಟ್ಲಿ ಸಾರ್ ಬೆಲ್ಲ ತೆಗೆದುಕೊಂಡು ಲೋಟ ಮುಟ್ಟಿ ಕೈ ಮುಗಿದರು.

"ಕಂಡ್ರಾ! ನಿಮ್ಮ ಮನೆಯದ್ದು ಮಾತ್ರ ನೀರು, ನಮ್ಮದು ಕೊಚ್ಚೆ. ಕುಡಿಯಿರಿ. ಕುಡಿದ್ರೆ ಬಾವಿಗೆ ಬಾಟ್ಲಿ ಇಳಿಸಿ. ಇಲ್ಲದಿದ್ರೆ ಪೊಲೀಸರನ್ನು ಕರ್ಕೊಂಡು ಬನ್ನಿ."

ಅಷ್ಟರಲ್ಲಿ ಹಿಂದಿನ ಗೇಟಿನಿಂದ ಬಂದ ಪಕ್ಕದ ಮನೆಯವಳು ರಾಟೆಗೆ ಕೊಡ ಕಟ್ಟಿದಳು. ಅವಳ ಸೊಂಟದಲ್ಲಿ ಮಗು ಇತ್ತು. ಬಾಟ್ಲಿ ಸಾರ್ ಆ ಕೊಡವನ್ನು ನೋಡಿದರು. ಮತ್ತೆ ಲೋಟ ತೆಗೆದುಕೊಂಡು, ಎತ್ತಿ, ಒಂದು ಹನಿ ಉಳಿಸದೆ ಕುಡಿದರು.

ನನ್ನ ಕೈಯಲ್ಲಿದ್ದ ಪೆನ್ನು ನಿಂತುಹೋಯಿತು. ಅವರು ಏನೂ ಆಗದವರಂತೆ ಬಾಟಲಿಗೆ ದಾರ ಕಟ್ಟಿ, ಬಾವಿಯ ಗೋಡೆಗೆ ತಾಗದ ಹಾಗೆ ಇಳಿಸಿದರು.

ಹೊರಗೆ ಬಂದ ಮೇಲೆ ಕೇಳಿದೆ: "ಸಾರ್, ಎಂತ ಮಾಡಿದ್ದು ನೀವು?"

"ಪೊಲೀಸ್ ಬರುವಾಗ ನಾಳೆ ಆಗ್ತದೆ ಮಾರಾಯ. ಅಷ್ಟರಲ್ಲಿ ಎಷ್ಟು ಕೊಡ ನೀರು ಹೋಗ್ತದೆ?" ಎಂದು ನಕ್ಕರು. "ಕಣ್ಣಿಗೆ ಚಂದ ಇತ್ತು. ಬೆಲ್ಲವೂ ಒಳ್ಳೇದಿತ್ತು."

ಪರೀಕ್ಷೆಯಲ್ಲಿ ಬಾವಿಗೆ ಚರಂಡಿ ನೀರು ಸೇರುತ್ತಿರುವುದು ಗೊತ್ತಾಯಿತು. ಬಾವಿ ಮುಚ್ಚಿಸಿದರು, ಓಣಿಗೆ ಟ್ಯಾಂಕರ್ ಬಂತು, ಕ್ರಮೇಣ ಕಾಮಾಲೆ ನಿಂತಿತು. ನನ್ನ ಸುದ್ದಿ ಅಚ್ಚಾಯಿತು.

ಕೆಲವು ವಾರಗಳ ಬಳಿಕ ಒಂದು ಬೆಳಿಗ್ಗೆ ಮೆಟ್ಟಿಲ ಬುಡದಲ್ಲಿ ಬಾಟ್ಲಿ ಸಾರ್ ಎದುರಾದಾಗ ಅವರ ಕಣ್ಣು ಹಳದಿಯಾಗಿತ್ತು. ಯಕೃತ್ತು ಬೇಗನೆ ಸೋತಿತು. ಯಾವ ನೀರಿನಿಂದ ಬಂತೆಂದು ಖಚಿತವಾಗಿ ಹೇಳಲಾಗದು ಎಂದರು ವೈದ್ಯರು. ಆ ಲೋಟದಿಂದಲೇ ಎಂದು ನಾನೂ ಬರೆಯಲಾರೆ. ಆದರೆ ಅವರು ಹೊರಗೆ ಕುಡಿದದ್ದನ್ನು ನಾನು ಕಂಡದ್ದು ಅದೊಂದೇ ಲೋಟ.

ಅತ್ತಾವರದ ಆಸ್ಪತ್ರೆಯಲ್ಲಿ ಅವರ ಬಲಗೈ ಹಾಸಿಗೆಯ ಮೇಲೆ ಚಾಚಿತ್ತು. ನುಣ್ಣಗಿದ್ದ ಮುಂಗೈಯಲ್ಲಿ ಸಣ್ಣ ಬಿಳಿ ಕೂದಲು ಹುಟ್ಟಿತ್ತು. ಕಾಯಿಲೆ ಬಿದ್ದ ಮೇಲೆ ಆ ಕೈ ಬೆಂಕಿಯ ಹತ್ತಿರ ಹೋಗಿರಲಿಲ್ಲ. ನಾನು ಸ್ಟೂಲು ಎಳೆದು ಪಕ್ಕದಲ್ಲಿ ಕುಳಿತೆ.

"ಆ ಅಮ್ಮನಿಗೆ ಹೇಳ್ಬೇಡ," ಎಂದರು. "ಅವರು ಮನೆಗೆ ಬಂದವನಿಗೆ ನೀರು ಕೊಟ್ಟದ್ದು. ಅಷ್ಟೇ."

ಮರುದಿನ ಅವರು ತೀರಿಹೋದರು.

ಮುಂದಿನ ಬೇಸಗೆಯಲ್ಲಿ ಆ ಓಣಿಗೆ ಹೋಗಬೇಕಾಯಿತು. ಚರಂಡಿ ಸರಿಪಡಿಸಿ, ಬಾವಿ ಶುದ್ಧ ಮಾಡಿಸಿ ತೆರೆದಿದ್ದರು. ಆ ಹೆಂಗಸು ನನ್ನನ್ನು ಗುರುತು ಹಿಡಿದು ಜಗಲಿಗೆ ಕರೆದು ಬೆಲ್ಲ, ನೀರು ತಂದಿಟ್ಟರು.

"ಧೈರ್ಯದಲ್ಲಿ ಕುಡಿಯಿರಿ, ಈಗ ರಿಪೋರ್ಟ್ ಒಳ್ಳೇದುಂಟು. ಬಾಟ್ಲಿ ಸಾರ್ ಎಲ್ಲಿ, ಕಾಣುವುದೇ ಇಲ್ಲ? ಈಗ ಬರುವವರು ನಮ್ಮ ನೀರು ಮುಟ್ಟುವುದಿಲ್ಲ. ಅವರು ಪೂರಾ ಕುಡಿದಿದ್ರು, ನೋಡಿ."

ಕಂಡದ್ದನ್ನು ಕಂಡ ಹಾಗೆ ಬರೆಯುವುದು ನನ್ನ ಕೆಲಸ.

"ಅವರಿಗೆ ಬೇರೆ ಊರಿಗೆ ವರ್ಗ ಆಯ್ತು ಅಮ್ಮ," ಎಂದೆ.

"ಹೌದಾ? ಈ ಕಡೆ ಬಂದ್ರೆ ಮನೆಗೆ ಬರಲಿಕ್ಕೆ ಹೇಳಿ."

ಹೇಳುತ್ತೇನೆ ಎಂದು ಲೋಟ ಎತ್ತಿದೆ.