ಬಾಬಾಸಾಹೇಬರ ಮಣಿಕಟ್ಟು

ಸತ್ತಿಯ ಬಾಬಾಸಾಹೇಬರ ಹಿಡಿತಕ್ಕೆ ಸಿಕ್ಕವರು ಬಿಡಿಸಿಕೊಂಡು ಹೋದದ್ದಿಲ್ಲ ಎಂಬ ಮಾತು ಕೃಷ್ಣೆಯ ಎರಡೂ ದಂಡೆಗಳಲ್ಲಿತ್ತು. ಅದನ್ನು ಹಳಸಲು ಬಿಡದೆ ಕಾಪಾಡಿಕೊಂಡು ಬಂದವರು ಬಾಬಾಸಾಹೇಬರೇ. ಕುಸ್ತಿ ಬಿಟ್ಟು ಕಬ್ಬು ಹಚ್ಚಿ ಬಹಳ ವರ್ಷಗಳಾಗಿದ್ದರೂ ಅಂಗಿಯ ತೋಳನ್ನು ಕೆಳಗಿಳಿಸಿರಲಿಲ್ಲ. ನಮಸ್ಕಾರಕ್ಕೆ ಬಂದವರ ಕೈಯನ್ನು ಸಣ್ಣಗೆ ಅದುಮುವರು. ಎದುರಿನವನ ಮುಖ ಕಿವುಚಿಕೊಂಡರೆ ಅವರಿಗೆ ಆ ದಿನದ ಊಟ ರುಚಿಸುತ್ತಿತ್ತು.

ತಮ್ಮನ ಮಗಳು ದೀಪಾಲಿ ಅಥಣಿ ಕಡೆಯ ಆಯುರ್ವೇದ ಕಾಲೇಜಿನಲ್ಲಿ ಶರೀರ ರಚನೆ ಕಲಿಸುತ್ತಾಳೆ. ತೋಳಿನ ಪಾಠ ಬಂದಾಗ ಅವಳಿಗೆ ದೊಡ್ಡಪ್ಪ ನೆನಪಾದರು. ವಿದ್ಯಾರ್ಥಿಗಳಿಗೆ ತೋರಿಸಲು ಕರೆದಳು. ಬಾಬಾಸಾಹೇಬರು ಎಣ್ಣೆ ತಿಕ್ಕಿಕೊಂಡು ಹೋಗಿ ಅಂಗಿ ಕಳಚಿ ನಿಂತರು. ಭುಜವನ್ನು ಕವುಚಿಕೊಂಡ ಸ್ನಾಯು, ತೋಳಿನ ಮುಂದಿನ ಎರಡು ತಲೆಯದು, ಹಿಂದಿನ ಮೂರು ತಲೆಯದು, ಎಲ್ಲದರ ಮೇಲೂ ದೀಪಾಲಿ ಪೆನ್ನಿನಿಂದ ಗೆರೆ ಎಳೆದಳು. ವಿದ್ಯಾರ್ಥಿಗಳು ಮುಟ್ಟಿ ನೋಡಿ ಬೆರಗಾದರು.

"ಈಗ ಹೆಬ್ಬಟ್ಟಿಗೆ ಕಿರಿಬಟ್ಟ ಹಚ್ಚಿ ಮಣಿಕಟ್ಟ ಬಗ್ಗಸ್ರಿ, ದೊಡ್ಡಪ್ಪ. ನಡುವ ಒಂದು ಹುರಿ ಎದ್ದ ಕಾಣತೈತಿ."

ಹುರಿ ಏಳಲಿಲ್ಲ. ಎಡಗೈಯಲ್ಲೂ ಏಳಲಿಲ್ಲ. ತಮ್ಮ ತಮ್ಮ ಕೈ ಬಗ್ಗಿಸಿ ನೋಡಿಕೊಂಡ ವಿದ್ಯಾರ್ಥಿಗಳಿಗೆಲ್ಲ ಎದ್ದಿತ್ತು.

"ಕೆಲವ್ರಿಗೆ ಈ ಹುರಿ ಎಬ್ಬಸೂ ಸ್ನಾಯು ಹುಟ್ಟಿಂದನ ಇರಂಗಿಲ್ಲ. ಅದ್ರಿಂದ ಏನೂ ನುಕ್ಸಾನ ಇಲ್ರಿ" ಎಂದಳು ದೀಪಾಲಿ. ಬಾಬಾಸಾಹೇಬರು ಅಂಗಿ ಹಾಕಿಕೊಂಡರು.

ಮನೆಗೆ ಬಂದವರೇ ಹೆಂಡತಿ ಅಕ್ಕವ್ವನ ಕೈ ಬಗ್ಗಿಸಿ ನೋಡಿದರು. ಹಗ್ಗದಂಥ ಹುರಿ. ಓಣಿಯಲ್ಲಿ ನಾಕಾರು ಜನರ ಕೈ ಹಿಡಿದು ನೋಡಿದರು. ಎಲ್ಲರಿಗೂ ಇತ್ತು. ಹಿಂದೆ ಯಡೂರಿನ ಕುಸ್ತಿ ಕಣದಲ್ಲಿ ತಾವೇ ಚಿತ್ ಮಾಡಿದ್ದ ಮುರಗೆಪ್ಪನಿಗೂ ಇತ್ತು. "ಹುರಿ ಇಲ್ಲದ ಕೈಲೆ ನನ್ನ ಕೆಡವಿದಿ ಅಂದ್ರ ನಿಂದ ದೊಡ್ಡಸ್ತನ ಅಲ್ಲೇನೋ" ಎಂದು ಮುರಗೆಪ್ಪ ನಿಜವಾಗಿಯೇ ಹೊಗಳಿದ. ಬಾಬಾಸಾಹೇಬರಿಗೆ ಅದು ಬೈಗುಳದಂತೆ ಕೇಳಿಸಿತು.

ಮುಂದಿನ ಕಬ್ಬಿನ ಸುಗ್ಗಿಯಲ್ಲಿ ಕಡಿಯುವ ಕತ್ತಿ, ಕೊಯ್ತಾ, ಜಾರಿ ಬಲಗೈಯ ಉಂಗುರ ಬೆರಳನ್ನು ಕೊಯ್ದಿತು. ಅರಿಸಿನ ಮೆತ್ತಿ ಬಟ್ಟೆ ಕಟ್ಟಿಕೊಂಡರು. ಪೈಲವಾನ ಬೆರಳಿಗಾಗಿ ದವಾಖಾನೆಗೆ ಹೋಗುವುದುಂಟೆ? ಗಾಯ ಮಾಯಿತು, ಬೆರಳು ಮಾತ್ರ ಮಡಚಲೇ ಇಲ್ಲ. ಚಹಾದ ಕಪ್ಪು ಹಿಡಿದಾಗಲೂ ಅದೊಂದು ಹೊರಗೆ ನೆಟ್ಟಗೆ ನಿಲ್ಲುತ್ತಿತ್ತು. ಕೊನೆಗೆ ಅಕ್ಕವ್ವ ಅವರನ್ನು ಮಿರಜಿನ ದೊಡ್ಡ ದವಾಖಾನೆಗೆ ಕರೆದೊಯ್ದಳು.

ಡಾಕ್ಟರು ಬೆರಳು ನೋಡಿದ ಮೇಲೆ ಮಣಿಕಟ್ಟು ಬಗ್ಗಿಸಿ ನೋಡಿದರು. "ಒಳಗಿನ ಹುರಿ ಹರಿದು ಬಹಳ ದಿನ ಆಗೇದ. ಬೇರೆ ಹುರಿ ಹಾಕಬೇಕು. ಇಲ್ಲೊಂದು ಇರ್ತದ, ತೆಗೆದರೂ ಕೈಗೆ ನಷ್ಟ ಇಲ್ಲ. ನಾವು ಹೆಚ್ಚಾಗಿ ಅದನ್ನೇ ಬಳಸ್ತೀವಿ. ನಿಮಗದು ಇಲ್ಲ."

"ಗೊತ್ತೈತ್ರಿ" ಎಂದ ಬಾಬಾಸಾಹೇಬರು ಪಕ್ಕಕ್ಕೆ ಕಣ್ಣು ಹೊರಳಿಸಿದರು. "ನಮ್ಮ ಮನ್ಯಾಕಿದು ಭಾಳ ದಪ್ಪ ಐತ್ರಿ. ಅಕೀದು ತಗೋರಿ."

"ನಾ ಕೊಡತೇನಂತ ಯಾರಂದ್ರು?" ಅಕ್ಕವ್ವ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

ಡಾಕ್ಟರು ನಕ್ಕು, ಬಾಬಾಸಾಹೇಬರದೇ ಕಾಲಿನಿಂದ ಒಂದು ಹುರಿ ತೆಗೆಯುವುದಾಗಿ ಹೇಳಿದರು. ಹಾಗೆಯೇ ಆಯಿತು. ಊರಲ್ಲಿ ಯಾರಾದರೂ ಕೇಳಿದರೆ ಬಾಬಾಸಾಹೇಬರು ಆಪರೇಷನ್ ಆದದ್ದು ಕೈಗೆ ಎಂದಷ್ಟೇ ಹೇಳುತ್ತಿದ್ದರು. ಕುಂಟುವುದೇಕೆ ಎಂದರೆ ಚಪ್ಪಲಿ ಕಚ್ಚಿದೆ ಎನ್ನುತ್ತಿದ್ದರು.

ಕೆಲವು ತಿಂಗಳ ಬಳಿಕ, ಬೆರಳಿಗೆ ಬಲ ಬರಲೆಂದು ದವಾಖಾನೆಯವರು ಮೆತ್ತನೆಯ ಮುದ್ದೆಯೊಂದನ್ನು ಹಿಚುಕಲು ಕೊಟ್ಟರು. ಅದು ಕಳೆದುಹೋದಾಗ ಅಕ್ಕವ್ವ ರೊಟ್ಟಿಗೆ ಜೋಳದ ಹಿಟ್ಟು ನಾದುವ ಅಗಲವಾದ ಪರಾತವನ್ನು ಅವರ ಮುಂದಿಟ್ಟಳು. ಬಾಬಾಸಾಹೇಬರು ಓಣಿಯವರ ಕಣ್ಣಿಗೆ ಬೀಳದಂತೆ ಬಾಗಿಲು ಮುಂದೆ ಮಾಡಿಕೊಂಡು ಹಿಟ್ಟು ನಾದತೊಡಗಿದರು. ಬೆರಳು ಮೊದಲು ಕೊಂಕಿತು, ಆಮೇಲೆ ಮಡಚಿತು.

ಇನ್ನು ವ್ಯಾಯಾಮ ಸಾಕು ಎಂದು ಡಾಕ್ಟರು ಹೇಳಿದ ದಿನ ಬಾಬಾಸಾಹೇಬರು ಹುರುಪಿನಿಂದ ಮನೆಗೆ ಬಂದು ಸುದ್ದಿ ತಿಳಿಸಿದರು. ಅಕ್ಕವ್ವ ಒಲೆಯ ಮುಂದೆ ಕೂತಿದ್ದಳು.

"ಅದು ನಿಮ್ಮ ಬಟ್ಟಿನ ಮಾತಾತ್ರಿ. ಹಿಟ್ಟಿಂದು ಡಾಕ್ಟರು ಏನೂ ಹೇಳಿಲ್ಲಲಾ?"

ಬಾಬಾಸಾಹೇಬರು ಡಾಕ್ಟರ ಮಾತುಗಳನ್ನು ಒಂದೊಂದಾಗಿ ನೆನಪಿಸಿಕೊಂಡರು. ಹೇಳಿರಲಿಲ್ಲ. ಬಾಗಿಲು ಮುಂದೆ ಮಾಡಿ ಪರಾತ ಎಳೆದುಕೊಂಡರು.