ಸ್ಟಾಲಿನ ಎರಡನೆಯ ಕುರ್ಚಿ

ಆ ಸ್ಟಾಲಿಗಾಗಿ ನಾನು ಒಂದು ಲೇಥ್ ಮಾರಿದೆ. ಬೆಳಗಾವಿಯ ಉದ್ಯಮಬಾಗದ ನನ್ನ ಸಣ್ಣ ಫೌಂಡ್ರಿಯಲ್ಲಿ ಇದ್ದವೇ ಎರಡು. ಅದರಲ್ಲಿ ಚಲೋದನ್ನೇ ಮಾರಬೇಕಾಯಿತು, ಹಳೆಯದನ್ನು ಯಾರೂ ಕೇಳಲಿಲ್ಲ. ಎಪ್ಪತ್ತರ ದಶಕ ಮುಗಿಯುತ್ತ ಬಂದ ಕಾಲ. ನಾನು ಎರಕ ಹೊಯ್ದ ಪಂಪಿನ ಕವಚಗಳು ಒಬ್ಬ ದಲಾಲನ ಮೂಲಕ ದೊಡ್ಡ ಕಾರ್ಖಾನೆಯೊಂದಕ್ಕೆ ಹೋಗುತ್ತಿದ್ದವು. ಅವನ್ನು ಮಾಡಿದವ ನಾನೆಂದು ಕಾರ್ಖಾನೆಯವರಿಗೆ ಗೊತ್ತೇ ಇರಲಿಲ್ಲ. ದಲಾಲ ಮುನಿಸಿಕೊಂಡರೆ ಅವತ್ತೇ ನನ್ನ ಭಟ್ಟಿ ಆರಬೇಕು, ಹಾಗಿತ್ತು ಪರಿಸ್ಥಿತಿ. ಆ ಕಾರ್ಖಾನೆಯ ಖರೀದಿ ಇಂಜಿನಿಯರು ಬೆಳಗಾವಿಯ ಕೈಗಾರಿಕಾ ಪ್ರದರ್ಶನಕ್ಕೆ ಬರುತ್ತಾರೆಂದು ತಿಳಿದಾಗ, ಏನಾದರಾಗಲಿ, ಮಾಲು ನೇರ ಅವರ ಕಣ್ಣಿಗೇ ಬೀಳಬೇಕು ಎಂದು ಮನಸ್ಸು ಗಟ್ಟಿ ಮಾಡಿ ಅಲ್ಲೊಂದು ಸ್ಟಾಲು ಹಿಡಿದೆ.

ನಮ್ಮ ಮನೆ ಆಗ ಖಾನಾಪುರದಲ್ಲಿ. ಹೆಂಡತಿ ಹೆರಿಗೆಗೆ ತವರಿಗೆ ಹೊರಟಿದ್ದಳು. ಟ್ರಂಕು ಮುಚ್ಚುತ್ತ ಕೇಳಿದಳು, "ಲೇಥ್ ಮಾರಿ ಏನ್ ತಂದ್ರಿ?"

"ಒಂದು ಟೇಬಲ್, ಎರಡು ಕುರ್ಚಿ. ಅವೂ ಬಾಡಿಗೀವು."

"ಎರಡ್ಯಾಕ? ಕುಂದ್ರವ್ರು ನೀವೊಬ್ಬರ ಅದೀರಲ್ಲ."

ಇನ್ನೊಂದು ಗಿರಾಕಿಗೆ ಎಂದೆ. ನಕ್ಕಳು, ಹೋದಳು. ಮನೆ ಖಾಲಿಯಾಯಿತು.

ನಮ್ಮ ಕಡೆ ಖಂಡೇ ನವಮಿಗೆ ಯಂತ್ರಗಳನ್ನೆಲ್ಲ ಒರೆಸಿ, ಹೊಸ ಬಣ್ಣ ಬಳಿದು, ಚೆಂಡು ಹೂವು ಏರಿಸಿ ಪೂಜೆ ಮಾಡುತ್ತೇವೆ. ನಾಲ್ಕು ಮಂದಿ ನೋಡುವ ಮಾಲು, ಅದೂ ಹಂಗೇ ಇರಲಿ ಎಂದು ಪ್ರತಿ ಕವಚಕ್ಕೂ ಹಸಿರು ಬಣ್ಣ ಎರಡೆರಡು ಸಲ ಹಚ್ಚಿಸಿದೆ. ಬಗ್ಗಿದರೆ ಮುಖ ಕಾಣುತ್ತಿತ್ತು.

ಬೆಳಗಿನ ರೈಲುಗಾಡಿಗೆ ಬುತ್ತಿ ಕಟ್ಟಿಕೊಂಡು ಬಂದು ಸ್ಟಾಲಿನಲ್ಲಿ ಕುಳಿತೆ. ಬಾಜು ಸ್ಟಾಲು ಒಂದು ದೊಡ್ಡ ಕಂಪನಿಯದು. ಅಲ್ಲಿ ಫ್ಯಾನು, ತಣ್ಣಗಿನ ಶರಬತ್ತು, ಜಾತ್ರೆಯಂಥ ಗದ್ದಲ. ನನ್ನ ಹತ್ತಿರ ಬಂದವರು ಕ್ಯಾಲೆಂಡರ್ ಕೇಳಿದರು, ಹೊರಗೆ ಹೋಗುವ ದಾರಿ ಕೇಳಿದರು. ಎದುರಿಗಿನ ಕುರ್ಚಿ ಖಾಲಿ ಕಾಣುವುದೇ ಒಂದು ಅವಮಾನ ಅನ್ನಿಸಿ, ನನ್ನ ಕೋಟು ಕಳೆದು ಅದರ ಬೆನ್ನಿಗೆ ಹಾಕಿದೆ. ಯಾರೋ ಈಗಷ್ಟೇ ಚಹಾಕ್ಕೆ ಎದ್ದು ಹೋಗಿದ್ದಾರೆ ಅನ್ನುವ ಹಾಗೆ. ವ್ಯಾಪಾರದಲ್ಲಿ ಅಷ್ಟು ಹುಷಾರಿ ಬೇಕಾಗುತ್ತದೆ. ಆದರೆ ಮಧ್ಯಾಹ್ನದ ಹೊತ್ತಿಗೆ ನಾನೇ ಆ ಕೋಟಿನ ಕಡೆ ನೋಡುತ್ತ ರೊಟ್ಟಿ ತಿನ್ನತೊಡಗಿದ್ದೆ.

ಸಂಜೆಗೆ ಆ ಇಂಜಿನಿಯರು ಬಂದರು. ಒಂದು ಕವಚವನ್ನು ಬೆರಳಿನ ಉಂಗುರದಿಂದ ಟಣ್ ಅಂತ ಬಡಿದರು, "ಭಾಳ ಮಿಂಚ್ತಾವ್ರಿ" ಎಂದರು. ಕುಂದರ್ರಿ ಸಾಹೇಬ್ರ ಎಂದು ನಾನು ಕುರ್ಚಿಯ ಮೇಲಿನ ಕೋಟು ತೆಗೆಯುವಷ್ಟರಲ್ಲಿ ಅವರು ಬಾಜು ಸ್ಟಾಲಿನ ಶರಬತ್ತಿಗೆ ಕೈ ಚಾಚಿದ್ದರು.

ಮರುದಿನ ವಿಚಾರ ಸಂಕಿರಣ. ಸಣ್ಣ ಕೈಗಾರಿಕೆಯವರು ಒಬ್ಬೊಬ್ಬರಾಗಿ ಗುಣಮಟ್ಟದ ಮೇಲೆ ಮಾತಾಡಬೇಕು. ನನ್ನ ಸರದಿ ಊಟದ ನಂತರ ಬಂತು. ಅನಗೋಳದ ಪರಿಚಯದ ಮಾಸ್ತರರೊಬ್ಬರು ಬರೆದುಕೊಟ್ಟ ಭಾಷಣವನ್ನು ರೈಲಿನಲ್ಲಿ ಬಾಯಿಪಾಠ ಮಾಡಿದ್ದೆ. ಮೈಕಿನ ಮುಂದೆ ನಿಂತು ನೋಡಿದರೆ ಮುಕ್ಕಾಲು ಕುರ್ಚಿಗಳು ಖಾಲಿ. ಉಳಿದವರು ಬುಂದಿ ಉಂಡು ತೂಕಡಿಸುತ್ತಿದ್ದರು. ಹಿಂದಿನ ಸಾಲಿನಲ್ಲಿ ಆ ಇಂಜಿನಿಯರು ಮಾತ್ರ ಎಚ್ಚರವಾಗಿದ್ದರು. ಅವರೊಬ್ಬರಿಗಾಗಿಯೇ ಎಲ್ಲ ಹೇಳಿ ಮುಗಿಸಿದೆ. ಪ್ರಶ್ನೆ ಇದ್ದರೆ ಕೇಳಬಹುದು ಎಂದಾಗ ಎದ್ದು ನಿಂತವರೂ ಅವರೇ.

"ಗುಣಮಟ್ಟ ಅಂದ್ರಿ. ಮತ್ತ ನಿಮ್ಮ ಮಾಲಿಗೆ ಅಷ್ಟು ಬಣ್ಣ ಯಾಕ್ರಿ? ಕೆಳಗ ಪುಟ್ಟಿ ಎಷ್ಟೈತಿ?"

ತೂಕಡಿಸುತ್ತಿದ್ದವರೆಲ್ಲ ಎಚ್ಚೆತ್ತು ನಕ್ಕರು. ಎರಕದೊಳಗೆ ಗಾಳಿ ಸಿಕ್ಕು ತೂತು ಬಿದ್ದರೆ ಅದರಲ್ಲಿ ಪುಟ್ಟಿ ತುಂಬಿ ಮೇಲೆ ಬಣ್ಣ ಬಳಿಯುವುದು ಫೌಂಡ್ರಿಯವರ ಹಳೆಯ ಕಳ್ಳಾಟ. ಬೇರೆಯವರ ಮಾಲು ಕೊಳ್ಳುವಾಗ ನಾನೇ ಉಗುರಿನಿಂದ ಕೆರೆದು ನೋಡುವವ. ನನ್ನ ಮಾಲಿಗೆ ಅದೇ ಅನುಮಾನ ಬಂದೀತೆಂದು ಹೊಳೆದಿರಲಿಲ್ಲ. ಪುಟ್ಟಿ ಇಲ್ಲ ಎಂದೆ.

"ಹಂಗ ಎಲ್ಲಾರೂ ಅಂತಾರ್ರಿ," ಎಂದು ಕುಳಿತರು. ಸಂಕಿರಣದವರು ನನಗೊಂದು ಹಾರ ಹಾಕಿ ಕಳಿಸಿದರು.

ಹಾರ ಕೈಯಲ್ಲಿ ಹಿಡಿದು ಸ್ಟಾಲಿಗೆ ಬಂದೆ. ಕೋಟು ಹಾಕಿದ ಕುರ್ಚಿ ಹಾಗೇ ಇತ್ತು. ಹೇಳಿಕೊಳ್ಳಲು ಒಂದು ನರಪಿಳ್ಳೆ ಇಲ್ಲ. ಪೆಂಡಾಲಿನವರ ಹತ್ತಿರ ಗೂಟ ಹೊಡೆಯುವ ದೊಡ್ಡ ಸುತ್ತಿಗೆ ಇಸಿದುಕೊಂಡು, ಎಲ್ಲಕ್ಕಿಂತ ದೊಡ್ಡ ಕವಚವನ್ನು ಹೊರಗಿನ ಕಲ್ಲಿನ ಮೇಲಿಟ್ಟು ಹೊಡೆದೆ. ಮೂರನೆಯ ಏಟಿಗೆ ಒಡೆಯಿತು. ಕಬ್ಬಿಣ ಒಡೆಯುವ ಸಪ್ಪಳಕ್ಕೆ ಶರಬತ್ತಿನ ಗಿರಾಕಿಗಳೆಲ್ಲ ಓಡಿ ಬಂದರು. ಇಂಜಿನಿಯರೂ ಬಂದರು. ಒಂದು ಚೂರು ಎತ್ತಿ ಬಿಸಿಲಿಗೆ ಹಿಡಿದರು. ಒಳಗೆ ಕಬ್ಬಿಣದ್ದೇ ಬೂದಿ ಬಣ್ಣದ ಸಣ್ಣ ಕಾಳು, ಉದ್ದಕ್ಕೂ ಒಂದೇ ಸಮ, ಎಲ್ಲೂ ತೂತಿಲ್ಲ. ಸ್ಟಾಲಿನೊಳಗೆ ಬಂದು, ಕೋಟು ತಾವೇ ಎತ್ತಿ ಟೇಬಲ್ಲಿನ ಮೇಲಿಟ್ಟು ಕುಳಿತರು.

"ಬಣ್ಣ ಇಲ್ಲದ ಮಾಲು ಕಳಸ್ರಿ. ಅಚ್ಚಿನ ಉಸುಕು ಹತ್ತಿದ್ದು ಹಂಗ ಇರ್ಲಿ," ಎಂದರು.

ಅದು ಬರೀ ನಮೂನೆಗೆ ಕೊಟ್ಟ ಆರ್ಡರು, ಸಣ್ಣ ಲಾಟು. ದರ ಇಳಿಸಲು ನೋಡಿದರು, ನಾನು ಇಳಿಯಲಿಲ್ಲ. ಇಷ್ಟು ದಿನ ಅವರಿಗೆ ಬಂದದ್ದೂ ನನ್ನ ಮಾಲೇ, ನಡುವೆ ದಲಾಲ ಇರದಿದ್ದರೆ ಇಬ್ಬರಿಗೂ ದುಡ್ಡು ಉಳಿಯುತ್ತದೆ ಎಂದು ಮನದಟ್ಟು ಮಾಡಿದೆ. ಮುಂದೆ ಮಾಲು ನೇರವೇ ಹೋಗತೊಡಗಿ ನನ್ನ ಭಟ್ಟಿ ಉಳಿಯಿತು.

ಖಾನಾಪುರದ ಗಾಡಿಯಲ್ಲಿ ಯಾರಿಗಾದರೂ ಹೇಳಬೇಕೆಂದು ಎದೆ ತುಂಬಿ ಬಂದಿತ್ತು. ಎದುರಿಗೆ ಕುಳಿತ ಹಲಸಿ ಊರಿನ ಮುದುಕರೊಬ್ಬರಿಗೆ ಮರಾಠಿಯಲ್ಲಿ ಎಲ್ಲ ಹೇಳಿದೆ, ಒಡೆದ ಚೂರನ್ನೂ ತೋರಿಸಿದೆ. "ಹೋ ಕಾ?", ಹೌದಾ, ಎಂದು ಚೂರನ್ನು ತಿರುಗಿಸಿ ನೋಡಿ ವಾಪಸು ಕೊಟ್ಟು, ಕಿಟಕಿಗೆ ತಲೆಯಾನಿಸಿ ಮಲಗಿಬಿಟ್ಟರು. ಮನೆಗೆ ಬಂದು ಸ್ಟೋವ್ ಹೊತ್ತಿಸಿ, ಒಬ್ಬನಿಗೆ ಎಷ್ಟು ಅಕ್ಕಿ ಹಾಕಬೇಕೆಂದು ತಿಳಿಯದೆ ಇಬ್ಬರಿಗಾಗುವಷ್ಟು ಅನ್ನ ಮಾಡಿದೆ.

ಎಂಬತ್ತರ ದಶಕದಲ್ಲಿ ಹುಬ್ಬಳ್ಳಿ, ಕೊಲ್ಲಾಪುರ ಎಂದು ಎಷ್ಟೋ ಪ್ರದರ್ಶನಗಳಿಗೆ ಹೋದೆ, ಭಾಷಣವನ್ನೂ ಮಾಡಿದೆ. ಮಾಸ್ತರರ ಕೈಯಲ್ಲಿ ಮತ್ತೆ ಬರೆಸಲಿಲ್ಲ. ನೀವೂ ಹೋಗುವವರಿದ್ದರೆ ಕೇಳಿರಿ: ಮಾಲನ್ನು ಸಿಂಗಾರ ಮಾಡಬೇಡಿರಿ, ಒಂದನ್ನು ಮನೆಯಲ್ಲೇ ಒಡೆದು ತಂದು ಎಲ್ಲಕ್ಕಿಂತ ಮುಂದೆ ಇಡಿರಿ. ಊಟದ ನಂತರದ ಭಾಷಣ ಕೊಟ್ಟರೆ ಬೆಳಗಿನ ಹೊತ್ತು ಕೇಳಿ ಬದಲಿಸಿಕೊಳ್ಳಿರಿ, ಕೊಡುತ್ತಾರೆ. ಮತ್ತೆ, ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿರಿ. ಧಂದೆ ಗೊತ್ತಿಲ್ಲದವರಾದರೂ ನಡೆಯುತ್ತದೆ. ಗಿರಾಕಿ ಬರುವ ತನಕ ಆ ಕುರ್ಚಿಯಲ್ಲಿ ಕೂತು, ಸಂಜೆ ನಿಮ್ಮ ಗಾಡಿಯಲ್ಲೇ ಜೊತೆಗೆ ಮರಳುವವರಾದರೆ ಸಾಕು. ಅವರ ಟಿಕೆಟಿನ ಖರ್ಚಿನಲ್ಲಿ ಮಾತ್ರ ಚೌಕಾಸಿ ಮಾಡಬೇಡಿರಿ.