ಸೋತ ಮಾತನ್ನು ಅಳಿಸದ ಮೇಷ್ಟ್ರು

ಬೆಳಕು ಹರಿಯುವ ಮೊದಲೇ ಮೇಷ್ಟ್ರು ಕಾಲೇಜಿನ ಸೈಕಲ್ ಶೆಡ್ಡಿನಲ್ಲಿ ಬೆಂಚು ಎಳೆಯುತ್ತಿದ್ದಾರೆ. ಬೇರೆಡೆ ಬೆಂಚುಗಳು ಬೋರ್ಡಿನ ಕಡೆ ಮುಖ ಮಾಡಿದರೆ, ಇವರ ಬೆಂಚುಗಳು ಜಗಳಕ್ಕೆ ನಿಂತವರಂತೆ ಎದುರುಬದುರು. ಒಂದು ಹಾಳೆಗೆ ಇಬ್ಬರು, ಓದಬೇಕು, ವಾದಕ್ಕಿಳಿಯಬೇಕು. ಶೆಡ್ಡಿನಲ್ಲಿ ಇದು ಮೊದಲ ತರಗತಿ. ಬೋರ್ಡಿನ್ನೂ ಬಂದಿಲ್ಲ. ಅವರ ಚಿಂತೆ ಅದಲ್ಲ. ಬೇಕರಿಯಲ್ಲಿ ದುಡಿಯುವ ವಿದ್ಯಾರ್ಥಿ ಇಂದು ಬರುತ್ತಾನೋ ಇಲ್ಲವೋ ಎಂದು ಪದೇ ಪದೇ ಗೇಟಿನತ್ತ ನೋಡುತ್ತಿದ್ದಾರೆ.

ದುಡಿಯುವವರಿಗಾಗಿ ನಡೆಯುವ ಈ ಮುಂಜಾನೆ ತರಗತಿಯಲ್ಲಿ ಅವರು ಚರ್ಚಿಸುವುದು ಪ್ರಾಚೀನ ಗ್ರೀಕರ ವಿಚಾರ ಮತ್ತು ಯಹೂದಿ ಪರಂಪರೆ. ಇದರಿಂದ ಹೊಟ್ಟೆ ತುಂಬುತ್ತದೆಯೇ ಎಂದು ಕೇಳುವವರಿಗೇನೂ ಬರವಿಲ್ಲ. ಹೊಟ್ಟೆ ತುಂಬಿದವರೆಲ್ಲ ತಲೆಯನ್ನೂ ತುಂಬಿಕೊಂಡಿದ್ದಾರೆಯೇ?

"ಗೊತ್ತು ಅಂತೀಯಲ್ಲ, ಹೇಗೆ ಗೊತ್ತು ಹೇಳು ಅಂತ ಕೆದಕೋದು ಗ್ರೀಕರು ಕಲಿಸಿದ ವಿದ್ಯೆ," ಎನ್ನುತ್ತಾರೆ ಮೇಷ್ಟ್ರು. "ಯಹೂದಿಗಳಲ್ಲಿ ಧರ್ಮಗ್ರಂಥ ಓದೋರು ಜೋಡಿಯಾಗಿ ಕೂತು ವಾದ ಮಾಡ್ತಾರೆ. ಗೆದ್ದ ಮಾತಿನ ಪಕ್ಕದಲ್ಲೇ ಸೋತ ಮಾತನ್ನೂ ಉಳಿಸಿಕೊಳ್ತಾರೆ. ನಾಳೆ ಅದೇ ಸರಿ ಅನ್ನಿಸಬಹುದಲ್ಲ!"

ಮೇಷ್ಟ್ರು ಇನ್ನೂ ಒಂದು ಹೆಜ್ಜೆ ಮುಂದೆ: ಇವರ ಬೋರ್ಡಿನಲ್ಲಿ ಗೆದ್ದ ಮಾತು ಅಳಿಯುತ್ತದೆ, ಸೋತ ಮಾತು ಉಳಿಯುತ್ತದೆ. "ಮನೇಲಿ ಇವರಾಡೋದೆಲ್ಲ ಬೋರ್ಡಿನ ಮೇಲೆ ಉಳಿಯೋ ಮಾತೇ," ಎಂದು ಹೆಂಡತಿ ನಗುತ್ತಾರೆ.

ಹೋದ ವಾರ ಮೇಷ್ಟ್ರ ನಿಯಮವೇ ಅವರ ಕೊರಳಿಗೆ ಸುತ್ತಿಕೊಂಡಿತು. ಈ ತರಗತಿಯ ಹಳೆಯ ಕೋಣೆಯ ಪಕ್ಕದಲ್ಲಿ ಕಣ್ಣು ಕಾಣದ ವಿದ್ಯಾರ್ಥಿಗಳು ಧ್ವನಿಮುದ್ರಿತ ಪಾಠ ಕೇಳುತ್ತಾರೆ. ಇವರ ಗದ್ದಲದಲ್ಲಿ ಅವರಿಗೆ ಏನೂ ಕೇಳಿಸದು. ಜಾಗ ಬಿಡಿ ಎಂದು ಪ್ರಿನ್ಸಿಪಾಲರು ಎಷ್ಟು ಹೇಳಿದರೂ ಮೇಷ್ಟ್ರು ಜಗ್ಗಿರಲಿಲ್ಲ. ಕೊನೆಗೆ, ತರಗತಿಯೇ ತೀರ್ಮಾನಿಸಲಿ ಎಂದು ಮೇಷ್ಟ್ರೇ ಹೇಳಿದರು. ಆದರೆ ಅವರದೇ ನಿಯಮದಂತೆ, ಇಲ್ಲಿ ಯಾರಿಗೆ ನಷ್ಟವೋ ಅವರೇ ಎದುರಾಳಿಯ ಪರ ವಾದಿಸಬೇಕು. ಪ್ರಿನ್ಸಿಪಾಲರ ಪರ ಮೇಷ್ಟ್ರು ಎಷ್ಟು ಸೊಗಸಾಗಿ ವಾದಿಸಿದರೆಂದರೆ, ಹೊಲಿಗೆ ಅಂಗಡಿಯಿಂದ ಓದಲು ಬರುವ ಟೈಲರಮ್ಮ ಮೊದಲುಗೊಂಡು ಎಲ್ಲರೂ ಕೋಣೆ ಬಿಡೋಣ ಎಂದು ಕೈ ಎತ್ತಿದರು. ತಮ್ಮ ಕಾಲ ಮೇಲೆ ತಾವೇ ಕಲ್ಲು ಹಾಕಿಕೊಳ್ಳುವುದೆಂದರೆ ಇದೇ!

ಎತ್ತದ ಕೈ ಒಂದೇ. ರಾತ್ರಿಪಾಳಿ ಮುಗಿಸಿ, ತೋಳಿನ ಮೇಲೆ ಹಿಟ್ಟಿನೊಂದಿಗೇ ಬರುವ ಬೇಕರಿಯವನದು. ಅಲ್ಲಿಯವರೆಗೂ ತುಟಿ ಬಿಚ್ಚದಿದ್ದವನು ಅಂದು ಎದ್ದು ನಿಂತು, "ಮಾತಾಡೋಕೆ ಹೆದರೋನಿಗೆ ನಾಲ್ಕು ಗೋಡೆ ಬೇಕು ಮೇಷ್ಟ್ರೇ," ಎಂದ. ಸೋತ.

"ಈ ಶೆಡ್ಡಿಗೆ ಒಂದು ಗೋಡೇನೂ ಇಲ್ಲ," ಎನ್ನುತ್ತಾರೆ ಮೇಷ್ಟ್ರು. "ಅವನು ಬರದೇ ಹೋದ್ರೆ ನಾನು ಗೆದ್ದೂ ಕೆಟ್ಟೆ."

ಗೇಟು ಕಿರುಗುಟ್ಟುತ್ತದೆ. ಬೋರ್ಡಿನ ಒಂದು ತುದಿ ಟೈಲರಮ್ಮನ ಕೈಯಲ್ಲಿ, ಇನ್ನೊಂದು ಬೇಕರಿಯವನ ಕೈಯಲ್ಲಿ. ಸೀಮೆಸುಣ್ಣದಲ್ಲಿ ಬರೆದ ಅವನ ನಾಲ್ಕು ಗೋಡೆಯ ಮಾತು ಇನ್ನೂ ಅದರ ಮೇಲಿದೆ.

"ನೆಟ್ಟಗೆ ಹಿಡ್ಕೊಳೋ ಮಾರಾಯ, ನಿನ್ನ ಸೋಲು ನನ್ನ ಬಟ್ಟೆಗೆ ಮೆತ್ಕೊಳ್ತಿದೆ!" ಎಂದು ಟೈಲರಮ್ಮ ಗದರುತ್ತಾರೆ.

ಅವನು ಬೋರ್ಡು ಇಳಿಸುತ್ತಾನೆ. ಗೋಡೆಯಿಲ್ಲದ ಶೆಡ್ಡಿನಲ್ಲಿ, ರಸ್ತೆಯ ಹಾಲಿನವನು ತಿರುಗಿ ನೋಡುವಷ್ಟು ಗಟ್ಟಿಯಾಗಿ ಹೇಳುತ್ತಾನೆ: "ಮೇಷ್ಟ್ರೇ, ನಾನು ಇನ್ನೂ ಒಪ್ಪಿಲ್ಲ."

ಮೇಷ್ಟ್ರ ಮುಖ ಅರಳುತ್ತದೆ.

"ಒಪ್ಪಿದ್ರೆ ಇಲ್ಲಿಗ್ಯಾಕಪ್ಪ ಬರಬೇಕಿತ್ತು? ಕೂತ್ಕೋ."